ಕಪಾಟಿನೊಳಗಿನ ಕನ್ನಡ ಮತ್ತು ಗಣಕ ಬಲ್ಲ ವಿದ್ಯಾರ್ಥಿ

ಮುಂಬಯಿಯ ಕನ್ನಡ ಸಂಘ-ಸಂಸ್ಥೆಗಳ ಬಾಳಿನಲ್ಲಿ ಸ್ಮರಣ ಸಂಚಿಕೆಗೆ ವಿಶಿಷ್ಟವಾದ ಸ್ಥಾನವಿದೆ. ವಾರ್ಷಿಕೋತ್ಸವದ ದಿನ ರೇಷ್ಮೆಯ ದಾರ ಬಿಚ್ಚಿ ಬಿಡುಗಡೆಗೊಂಡು, ಅತಿಥಿಗಳ ಎದೆಯ ಮಟ್ಟದಲ್ಲಿ ಛಾಯಾಚಿತ್ರಕ್ಕೆ ನಿಂತು, ಬಳಿಕ ಸದಸ್ಯರ ಕೈಚೀಲ ಸೇರಿ ರಾತ್ರಿಯ ಲೋಕಲ್ ಗಾಡಿಯಲ್ಲಿ ಡೊಂಬಿವಲಿಗೋ ಬೊರಿವಲಿಗೋ ಭಾಯಂದರಿಗೋ ಹೊರಡುವ ಈ ಪುಸ್ತಕದಲ್ಲಿ ಏನೆಲ್ಲ ಇರುತ್ತದೆ! ಹೋಟೆಲುಗಳ, ಬ್ಯಾಂಕುಗಳ, ಮುದ್ರಣಾಲಯಗಳ ಜಾಹೀರಾತುಗಳ ನಡುವೆ ಕಾರ್ಯದರ್ಶಿಯ ವರದಿ, ಲೆಕ್ಕಪತ್ರ, ಒಂದೆರಡು ಕವನ, ಊರಿನ ಕೋಲ-ಕಂಬಳಗಳ ನೆನಪು, ವೈದ್ಯ ಸದಸ್ಯರು ಬಿಡುವು ಮಾಡಿಕೊಂಡು ಬರೆದ ಆರೋಗ್ಯ ಲೇಖನಗಳು, ಅಗಲಿದವರಿಗೆ ಶ್ರದ್ಧಾಂಜಲಿ. ಸಾಹಿತ್ಯ ಚರಿತ್ರೆಕಾರರು ಇದನ್ನು ಸಾಹಿತ್ಯವೆಂದು ಎಣಿಸುವುದು ವಿರಳ; ಗ್ರಂಥಾಲಯಗಳು ಇದನ್ನು ಪುಸ್ತಕವೆಂದು ಎಣಿಸುವುದು ಇನ್ನೂ ವಿರಳ. ಆದರೆ ಈ ಮಹಾನಗರಕ್ಕೆ ಬಂದು ನೆಲೆಸಿದ ಕನ್ನಡಿಗರು ತಮ್ಮ ಬಗ್ಗೆ ತಾವೇ ಬರೆದಿಟ್ಟ ದಾಖಲೆ ಎಂಬುದೊಂದು ಇದ್ದರೆ ಅದರ ಬಹುಭಾಗ ಇಲ್ಲಿಯೇ ಅಡಗಿದೆ ಎಂಬುದು ನಿರ್ವಿವಾದ.

ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ ಹುಟ್ಟಿತು. ಮಾಟುಂಗಾದ ಮೈಸೂರು ಅಸೋಸಿಯೇಶನ್ 1926ರಲ್ಲಿಯೂ ಕರ್ನಾಟಕ ಸಂಘ 1933ರಲ್ಲಿಯೂ ಸ್ಥಾಪನೆಗೊಂಡವು. ಆ ಮೇಲೆ ರೈಲು ಹಳಿಯ ಜೊತೆಜೊತೆಗೆ ಉಪನಗರಗಳಲ್ಲಿ ತಲೆಯೆತ್ತಿದ ಸಂಘಗಳನ್ನು ಎಣಿಸುವುದೇ ಕಷ್ಟ. ಇವೆಲ್ಲ ಸೇರಿ ಅಚ್ಚು ಹಾಕಿಸಿದ ಪುಟಗಳೆಷ್ಟು, ಅವುಗಳಲ್ಲಿ ಈಗ ಉಳಿದಿರುವುದೆಷ್ಟು ಎಂದು ಕೇಳಿದರೆ ಉತ್ತರ ಕೊಡುವವರಿಲ್ಲ. ಉಳಿದವು ಸಾಮಾನ್ಯವಾಗಿ ಸಂಘದ ಕಚೇರಿಯ ಉಕ್ಕಿನ ಕಪಾಟಿನಲ್ಲಿ, ಹಳೆಯ ರಸೀತಿ ಪುಸ್ತಕಗಳ ಮತ್ತು ಮುರಿದ ಹಾರ್ಮೋನಿಯಂನ ನೆರೆಯಲ್ಲಿ ಇರುತ್ತವೆ. ನಾಲ್ಕು ತಿಂಗಳ ಮಳೆಗಾಲದ ತೇವ, ಹುಳು, ಬೂಷ್ಟು ಇವು ತಮ್ಮ ಪಾಲನ್ನು ತೆಗೆದುಕೊಳ್ಳುತ್ತವೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಕುರ್ಲಾ, ಕಲೀನಾಗಳ ನೆಲಮಹಡಿಗಳಲ್ಲಿದ್ದ ಕಾಗದಪತ್ರಗಳ ಗತಿ ಏನಾಗಿರಬೇಕೆಂಬುದನ್ನು ಆ ದಿನ ಕಂಡವರು ಊಹಿಸಬಲ್ಲರು. ಈಗ ಮಳೆಗಿಂತಲೂ ದೊಡ್ಡ ಅಪಾಯ ಹಳೆಯ ಕಟ್ಟಡಗಳ ಪುನರ್ನಿರ್ಮಾಣ. ಹಿರಿಯ ಸದಸ್ಯರೊಬ್ಬರ ಮನೆ ಖಾಲಿಯಾಗುವಾಗ ಅವರು ಮೂವತ್ತು ವರ್ಷ ಜತನ ಮಾಡಿದ ಸಂಚಿಕೆಗಳು, ಕನ್ನಡ ಓದಲಾರದ ಮೊಮ್ಮಕ್ಕಳ ಕೈಯಿಂದ, ಕಿಲೋ ಲೆಕ್ಕದಲ್ಲಿ ರದ್ದಿಯವನ ತಕ್ಕಡಿಗೆ ಏರುತ್ತವೆ. ಮೊಮ್ಮಕ್ಕಳನ್ನು ದೂರುವುದರಲ್ಲಿ ಅರ್ಥವಿಲ್ಲ. ಅದರೊಳಗೆ ಏನಿದೆಯೆಂದು ಅವರಿಗೆ ತಿಳಿಸುವ ಒಂದು ಪಟ್ಟಿಯಾದರೂ ಎಲ್ಲಿದೆ?

ಪಟ್ಟಿಯಿಂದ ಆಗುವುದೇನು ಎಂಬುದಕ್ಕೆ ಆರೋಗ್ಯ ಲೇಖನಗಳನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಊರಿನಿಂದ ಬಂದು, ಖಾನಾವಳಿಯಲ್ಲಿ ಉಂಡು, ಚಾಳಿನ ಒಂದು ಕೋಣೆಯಲ್ಲಿ ಹತ್ತು ಜನ ಮಲಗುತ್ತಿದ್ದ ಕಾಲದ ಕನ್ನಡಿಗನ ಭಯ ಕ್ಷಯರೋಗದ್ದಾಗಿದ್ದೀತು. ಅವನ ಮಗ ಸ್ವಂತ ಫ್ಲ್ಯಾಟು ಕೊಂಡು, ಎರಡು ಗಾಡಿ ಬದಲಿಸಿ ಕಚೇರಿಗೆ ಹೋಗುವ ಕಾಲಕ್ಕೆ ಆ ಭಯ ರಕ್ತದೊತ್ತಡಕ್ಕೂ ಮಧುಮೇಹಕ್ಕೂ ತಿರುಗಿದ್ದೀತು. ಮೊಮ್ಮಗಳ ಕಾಲಕ್ಕೆ ಮನಸ್ಸಿನ ಆರೋಗ್ಯ ಎಂಬ ಮಾತು ಸಂಚಿಕೆಯ ಪುಟಕ್ಕೆ ಬಂದಿರಬಹುದು. ಇದೆಲ್ಲ ‘ಇದ್ದೀತು’, ‘ಬಂದಿರಬಹುದು’ ಎಂಬ ಊಹೆಯ ಮಾತು. ಯಾವ ದಶಕದಲ್ಲಿ ಯಾವ ರೋಗದ ಹೆಸರು ಎಷ್ಟು ಸಲ ಅಚ್ಚಾಯಿತು, ‘ಸಕ್ಕರೆ ಕಾಯಿಲೆ’ ಹೋಗಿ ‘ಮಧುಮೇಹ’, ‘ಮಧುಮೇಹ’ ಹೋಗಿ ‘ಡಯಾಬಿಟೀಸ್’ ಯಾವಾಗ ಆಯಿತು, ಹೆರಿಗೆ ಬಾಣಂತನಗಳ ಬಗ್ಗೆ ಬರೆದವರು ಗಂಡಸರೋ ಹೆಂಗಸರೋ ಎಂಬುದನ್ನು ಖಚಿತವಾಗಿ ಹೇಳಬೇಕಾದರೆ ಐವತ್ತು ವರ್ಷದ ಸಂಚಿಕೆಗಳನ್ನು ಒಟ್ಟಿಗೆ ಹುಡುಕಬಲ್ಲ ಸಾಧನ ಬೇಕು. ಒಬ್ಬ ಮನುಷ್ಯ ಕುಳಿತು ಓದಿದರೆ ವರ್ಷಗಳು ಹಿಡಿಯುವ ಈ ಕೆಲಸ, ಪಠ್ಯವು ಗಣಕಯಂತ್ರದಲ್ಲಿ ಸರಿಯಾಗಿ ದಾಖಲಾಗಿದ್ದರೆ ಒಂದು ಮಧ್ಯಾಹ್ನದ ಕೆಲಸವಾಗುತ್ತದೆ. ಹೀಗೆ ಸಾಹಿತ್ಯ, ಇತಿಹಾಸ, ಭಾಷೆಗಳ ಅಧ್ಯಯನಕ್ಕೆ ಗಣಕವನ್ನು ಹೂಡುವ ವಿದ್ಯೆಗೆ ಇಂದಿನ ವಿಶ್ವವಿದ್ಯಾಲಯಗಳಲ್ಲಿ ಡಿಜಿಟಲ್ ಹ್ಯುಮ್ಯಾನಿಟೀಸ್ ಎಂಬ ಹೆಸರಿದೆ. ಹೆಸರು ದೊಡ್ಡದು, ಕೆಲಸದ ಬಹುಭಾಗ ಸಹನೆಯದು.

ಈ ವಿದ್ಯೆ ಎಲ್ಲಿಯೋ ದೂರದೇಶದಿಂದ ಮುಂಬಯಿ ಕನ್ನಡಿಗರ ಬಾಗಿಲಿಗೆ ಈಗ ಬಂದ ಹೊಸ ಅತಿಥಿ ಎಂದು ತಿಳಿಯಬೇಕಾಗಿಲ್ಲ. ಕೊಲಾಬದ ತುದಿಯಲ್ಲಿರುವ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ದೇಶದ ಮೊದಲ ಗಣಕಗಳಲ್ಲೊಂದು 1960ರಲ್ಲಿ ಸಿದ್ಧವಾಯಿತು. 1962ರಲ್ಲಿ ನೆಹರೂ ಅವರು ಅದಕ್ಕೆ ಟಿಫ್ರ್ಯಾಕ್ ಎಂಬ ಹೆಸರಿಟ್ಟರು. ಪರಮಾಣು ವಿಜ್ಞಾನದ ಲೆಕ್ಕಗಳಿಗಾಗಿ ಹುಟ್ಟಿದ ಈ ಗಣಕ ಪರಂಪರೆ ಬಹು ಬೇಗನೆ ಲಿಪಿಗಳ ಕಡೆಗೂ ತಿರುಗಿತು. ಐರಾವತಂ ಮಹಾದೇವನ್ ಅವರು ಸಿಂಧೂ ಲಿಪಿಯ 417 ಸಂಕೇತಗಳನ್ನು ಗುರುತಿಸಿ, ಯಾವ ಸಂಕೇತ ಯಾವ ಮುದ್ರೆಯಲ್ಲಿ ಯಾವುದರ ಪಕ್ಕದಲ್ಲಿ ಬರುತ್ತದೆ ಎಂಬ ಪದಸೂಚಿಯನ್ನು 1977ರಲ್ಲಿ ಪುರಾತತ್ತ್ವ ಇಲಾಖೆಯ ಮೂಲಕ ಪ್ರಕಟಿಸಿದಾಗ, ಅದರ ಹಿಂದಿನ ಗಣಕಕಾರ್ಯ ನಡೆದದ್ದು ಇದೇ ಸಂಸ್ಥೆಯಲ್ಲಿ. ಲಿಪಿಯನ್ನು ಓದಲು ಇಂದಿಗೂ ಒಮ್ಮತದಿಂದ ಯಾರಿಗೂ ಸಾಧ್ಯವಾಗಿಲ್ಲ. ಆದರೆ ಓದಲು ಹೊರಟವರೆಲ್ಲರೂ ಆ ಸೂಚಿಯನ್ನು ಪಕ್ಕದಲ್ಲಿಟ್ಟುಕೊಂಡೇ ಹೊರಡಬೇಕಾಗಿದೆ.

ಅದೇ ಸಂಸ್ಥೆಯ ಗ್ರಂಥಾಲಯದಲ್ಲಿ ಗ್ರಂಥಪಾಲರಾಗಿದ್ದವರು ಡಾ. ಶ್ರೀನಿವಾಸ ಹಾವನೂರ. ವಿಜ್ಞಾನಿಗಳ ನಡುವೆ ಕುಳಿತು ಕನ್ನಡದ ಹತ್ತೊಂಬತ್ತನೆಯ ಶತಮಾನವನ್ನು ಶೋಧಿಸಿದ ಈ ವಿದ್ವಾಂಸರ ‘ಹೊಸಗನ್ನಡದ ಅರುಣೋದಯ’ 1974ರಲ್ಲಿ ಹೊರಬಂದಿತು. ಪಂಪ, ಕುಮಾರವ್ಯಾಸರಂಥ ಮಹಾಕವಿಗಳನ್ನು ಬಿಟ್ಟು, ಯಾರೂ ತಿರುಗಿ ನೋಡದ ಶಾಲಾ ಪಠ್ಯಗಳು, ಪಾದ್ರಿಗಳ ಕರಪತ್ರಗಳು, 1843ರ ‘ಮಂಗಳೂರ ಸಮಾಚಾರ’ದಿಂದ ಮೊದಲಾದ ಪತ್ರಿಕೆಗಳು, ಇಂಥ ಅಲ್ಪವೆನಿಸುವ ಸಾಮಗ್ರಿಯನ್ನು ಒಟ್ಟುಗೂಡಿಸಿ ಆಧುನಿಕ ಕನ್ನಡ ಗದ್ಯ ಹೇಗೆ ಮೈತಳೆಯಿತೆಂಬುದನ್ನು ಅವರು ತೋರಿಸಿದರು. ಮುಂದೆ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದ ಮುಖ್ಯಸ್ಥರೂ ಆದರು. ಕನ್ನಡ ಸಾಹಿತ್ಯ ಸಂಶೋಧನೆಗೆ ಗಣಕಯಂತ್ರವನ್ನು ಬಳಸಿದ ಮೊದಲಿಗರೆಂದು ಬಲ್ಲವರು ಅವರ ಹೆಸರನ್ನೇ ಹೇಳುತ್ತಾರೆ. 2010ರಲ್ಲಿ ಅವರು ತೀರಿಕೊಂಡರು. ಗ್ರಂಥಪಾಲನೊಬ್ಬನು ಸಾಹಿತ್ಯ ಚರಿತ್ರೆಕಾರನಾದದ್ದು ಆಕಸ್ಮಿಕವಲ್ಲ ಎಂಬುದು ಇಲ್ಲಿ ಗಮನಾರ್ಹ. ಯಾವ ಕಾಗದ ಎಲ್ಲಿದೆಯೆಂದು ಬಲ್ಲವನಿಗೆ ಮಾತ್ರ ಯಾವುದು ಇನ್ನೂ ಬರೆಯದೆ ಉಳಿದಿದೆಯೆಂಬುದು ಕಾಣುತ್ತದೆ.

ಅದೇ ಕೊಲಾಬದಲ್ಲಿ ವೃತ್ತಿಯ ಆರಂಭದ ವರ್ಷಗಳನ್ನು ಕಳೆದ ಮತ್ತೊಬ್ಬರು ಕಿನ್ನಿಕಂಬಳದ ಪದ್ಮನಾಭ ರಾವ್, ಅಂದರೆ ಕೆ. ಪಿ. ರಾವ್. ಇಂದು ಕರ್ನಾಟಕದ ಸರಕಾರಿ ಕಚೇರಿಗಳಲ್ಲಿಯೂ ಮುಂಬಯಿಯ ಕನ್ನಡ ಮುದ್ರಣಾಲಯಗಳಲ್ಲಿಯೂ ಬೆರಳುಗಳು ಆಡುವ ಕೀಲಿಮಣೆಯ ವಿನ್ಯಾಸ ಅವರದು. ಸಾವಿರಾರು ರೂಪಗಳುಳ್ಳ ಕನ್ನಡದ ಕಾಗುಣಿತ-ಒತ್ತಕ್ಷರಗಳನ್ನು ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲಿ, ಕಿವಿಗೆ ಕೇಳಿದಂತೆಯೇ ಒತ್ತಬಹುದಾದ ಕ್ರಮದಲ್ಲಿ ಹೊಂದಿಸಿ, ಅದಕ್ಕೆ ಬಿಡಿಗಾಸನ್ನೂ ಕೇಳದೆ ಲೋಕಕ್ಕೆ ಬಿಟ್ಟುಕೊಟ್ಟರು. ಇನ್ನೊಂದು ಸಂಗತಿ ಇನ್ನೂ ಕಡಿಮೆ ಮಂದಿಗೆ ಗೊತ್ತು. ವಿಂಡೋಸ್ ಗಣಕಗಳ ಜೊತೆಯಲ್ಲಿ ಬಂದ ‘ತುಂಗಾ’ ಎಂಬ ಕನ್ನಡ ಅಕ್ಷರಮಾಲೆ ತುಂಗೆಯ ದಡದಲ್ಲಿ ಹುಟ್ಟಿದ್ದಲ್ಲ. ಅದನ್ನು ರೂಪಿಸಿದ ತಂಡದ ಮುಖ್ಯಸ್ಥರು ಈ ನಗರದಲ್ಲಿ ಬಾಳಿದ ಮರಾಠಿ ಅಕ್ಷರಶಿಲ್ಪಿ ರಘುನಾಥ ಕೃಷ್ಣ ಜೋಶಿಯವರು. ಹೊರನಾಡಿನ ಕನ್ನಡಿಗರೆಂದರೆ ಊರಿನಿಂದ ಸಾಹಿತ್ಯವನ್ನು ತರಿಸಿಕೊಂಡು ಉಣ್ಣುವವರು ಎಂಬ ಭಾವನೆ ಬೆಂಗಳೂರಿನ ಕೆಲವರಲ್ಲಿದೆ. ಅವರು ಬೆರಳಚ್ಚು ಮಾಡುವಾಗಲೆಲ್ಲ ಮುಂಬಯಿಯ ಋಣ ಸ್ವಲ್ಪಮಟ್ಟಿಗೆ ಅವರ ಬೆರಳ ತುದಿಯಲ್ಲಿಯೇ ಇರುತ್ತದೆ.

ಹೊರಜಗತ್ತಿನಲ್ಲಿ ಈ ಶಾಸ್ತ್ರದ ಮೂಲಪುರುಷನೆಂದು ಇಟಲಿಯ ಪಾದ್ರಿ ರೊಬೆರ್ತೊ ಬುಸಾ ಅವರನ್ನು ನೆನೆಯುವುದುಂಟು. ಸಂತ ಥಾಮಸ್ ಅಕ್ವಿನಾಸನ ಗ್ರಂಥಗಳಲ್ಲಿರುವ ಪ್ರತಿಯೊಂದು ಶಬ್ದದ ಸೂಚಿ ತಯಾರಿಸಬೇಕೆಂದು ಅವರು 1949ರಲ್ಲಿ ಐ.ಬಿ.ಎಂ. ಕಂಪನಿಯ ಸಹಾಯ ಪಡೆದರು. ಒಂದು ಕೋಟಿಗೂ ಮಿಕ್ಕಿದ ಶಬ್ದಗಳ ಆ ಸೂಚಿ ಐವತ್ತಾರು ಸಂಪುಟಗಳಾಗಿ ಮುದ್ರಣಗೊಂಡು ಮುಗಿದದ್ದು 1980ರಲ್ಲಿ. ಕನ್ನಡದಲ್ಲಿ ಇದಕ್ಕೆ ಹತ್ತಿರದ ಕೆಲಸವೆಂದರೆ ‘ವಚನ ಸಂಚಯ’. ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದ ಸಮಗ್ರ ವಚನ ಸಂಪುಟಗಳು 1993ರಲ್ಲಿ ಬಂದ ಮೇಲೆ, ಇಪ್ಪತ್ತು ಸಾವಿರಕ್ಕೂ ಹೆಚ್ಚಿನ ವಚನಗಳನ್ನು ಶಬ್ದಶಬ್ದವಾಗಿ ಹುಡುಕುವ ಸೌಲಭ್ಯವನ್ನು ಬೆಂಗಳೂರಿನ ಕೆಲವು ತಂತ್ರಜ್ಞರೂ ಸಾಹಿತಿಗಳೂ ಕೂಡಿ ಕಲ್ಪಿಸಿದರು. ‘ಕಾಯಕ’ ಎಂಬ ಶಬ್ದವನ್ನು ಯಾವ ವಚನಕಾರ ಎಷ್ಟು ಸಲ ಬಳಸಿದ್ದಾನೆಂದು ಈಗ ಕಾಲೇಜು ಹುಡುಗಿಯೂ ನೋಡಿ ಹೇಳಬಲ್ಲಳು.

ಇಷ್ಟು ಹೇಳಿದ ಮೇಲೆ ವಿದ್ಯಾರ್ಥಿಯ ಕಡೆಗೆ ಬರಬೇಕು. ಕಲೀನಾದ ವಿದ್ಯಾನಗರಿಯಲ್ಲಿ ಕನ್ನಡ ಎಂ.ಎ. ಓದುವ ಒಬ್ಬ ಹುಡುಗಿಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬಹುದು. ತಂದೆ ಥಾಣೆಯ ಹೋಟೆಲಿನಲ್ಲಿ ಗಲ್ಲೆಯ ಮೇಲಿರುವವರು. ಮನೆಯಲ್ಲಿ ತುಳುವೋ ಕುಂದಾಪುರದ ಕನ್ನಡವೋ. ಶಾಲೆ ಇಂಗ್ಲಿಷ್ ಮಾಧ್ಯಮ. ಬೀದಿಯ ಮಾತು ಮರಾಠಿ ಮತ್ತು ಹಿಂದಿ. ಲಿಪಿಯನ್ನು ಅಜ್ಜಿಯಿಂದಲೋ ಸಂಘದ ಭಾನುವಾರದ ತರಗತಿಯಿಂದಲೋ ಕಲಿತವಳು. ‘ಕನ್ನಡ ಎಂ.ಎ. ಮಾಡಿ ಮುಂಬಯಿಯಲ್ಲಿ ಏನು ಮಾಡುತ್ತೀ ಮಗಾ?’ ಎಂದು ನೆಂಟರು ಕೇಳುತ್ತಾರೆ. ಈ ಪ್ರಶ್ನೆಯನ್ನು ಕ್ಷುಲ್ಲಕವೆಂದು ತಳ್ಳಿಹಾಕುವವರು ಸ್ವತಃ ಪಿಂಚಣಿ ಇರುವವರಾಗಿರುತ್ತಾರೆ. ಆದರೆ ಆ ಹುಡುಗಿಯ ಕೈಯಲ್ಲಿ ಏನಿದೆಯೆಂಬುದನ್ನು ನೆಂಟರೂ ನೋಡಿಲ್ಲ, ಬಹುಮಟ್ಟಿಗೆ ಅವಳೂ ನೋಡಿಕೊಂಡಿಲ್ಲ. ನಾಲ್ಕು ಭಾಷೆ, ಎರಡು ಲಿಪಿಗೆ ಮೂರನೆಯದು, ಹುಟ್ಟಿದಂದಿನಿಂದ ಕೈಗೆ ರೂಢಿಯಾದ ಯಂತ್ರಗಳು; ಇವು ಒಬ್ಬರಲ್ಲಿಯೇ ಕೂಡಿ ಬಂದಿರುವುದು ಈ ನಗರದಲ್ಲಿ ಮಾತ್ರ ಸಾಧ್ಯ. ಊರಿನ ವಿದ್ವಾಂಸನಿಗೆ ಮುಂಬಯಿಯ ಹಳೆಯ ಸಂಚಿಕೆಯಲ್ಲಿರುವ ‘ಗಾಲಾ’, ‘ಪಗಡಿ’, ‘ಖೋಲಿ’ ಎಂಬ ಶಬ್ದಗಳು ತಡೆಯೊಡ್ಡುತ್ತವೆ. ಇವಳಿಗೆ ಅವು ಮನೆಯ ಮಾತು.

ಅವಳು ಕಲಿಯಬೇಕಾದ ತಂತ್ರಾಂಶಗಳ ಪಟ್ಟಿಯನ್ನು ಇಲ್ಲಿ ಕೊಡುವ ಅಗತ್ಯವಿಲ್ಲ. ಪಟ್ಟಿ ಪ್ರತಿವರ್ಷ ಬದಲಾಗುತ್ತದೆ. ಬದಲಾಗದ ಕೆಲವು ಕಷ್ಟಗಳಿವೆ, ಅವುಗಳಲ್ಲಿಯೇ ಈ ವಿದ್ಯೆಯ ತಿರುಳಿದೆ. ಮೊದಲನೆಯದು ಅಕ್ಷರದ ಕಷ್ಟ. 1990ರ ದಶಕದಿಂದ ಈಚೆಗೆ ಸಂಘಗಳ ಸಂಚಿಕೆಗಳು ಗಣಕದಲ್ಲಿಯೇ ಜೋಡಣೆಗೊಂಡವು; ಹಾಗಾದರೆ ಅವನ್ನು ಮತ್ತೆ ಬೆರಳಚ್ಚು ಮಾಡುವುದೇಕೆ ಎಂದು ಕೇಳಬಹುದು. ಶ್ರೀಲಿಪಿ, ಬರಹ, ನುಡಿ ಮೊದಲಾದ ತಂತ್ರಾಂಶಗಳ ಹಳೆಯ ಅವತರಣಿಕೆಗಳಲ್ಲಿ ಕನ್ನಡದ ಅಕ್ಷರವೆಂಬುದು ಇಂಗ್ಲಿಷ್ ಅಕ್ಷರದ ಮೇಲೆ ತೊಡಿಸಿದ ವೇಷ. ಆ ಅಕ್ಷರಮಾಲೆ ಇಲ್ಲದ ಗಣಕದಲ್ಲಿ ಕಡತ ತೆರೆದರೆ ವೇಷ ಕಳಚಿ, ಅರ್ಥವಿಲ್ಲದ ಚಿಹ್ನೆಗಳ ಸಂತೆ ಕಾಣುತ್ತದೆ. ಕನ್ನಡಕ್ಕೆ ತನ್ನದೇ ಸಂಕೇತಗಳನ್ನು ನೀಡಿದ ಯೂನಿಕೋಡ್ ವ್ಯವಸ್ಥೆ 1991ರಲ್ಲಿಯೇ ಬಂದಿದ್ದರೂ ಮುದ್ರಣಾಲಯಗಳು ಅದರ ಕಡೆಗೆ ಹೊರಳಲು ಬಹುಕಾಲ ಹಿಡಿಯಿತು. ಆದುದರಿಂದ 1998ರ ಸಂಚಿಕೆಯ ಕಡತಕ್ಕಿಂತ 1968ರ ಸಂಚಿಕೆಯ ಮುದ್ರಿತ ಪುಟವೇ ಇಂದು ಓದಲು ಸುಲಭ ಎಂಬ ವಿಚಿತ್ರ ಸ್ಥಿತಿ ಒದಗಿದೆ.

ಯೂನಿಕೋಡಿನಲ್ಲಿಯೇ ಬೆರಳಚ್ಚಾದ ಬರಹದಲ್ಲಿಯೂ ಕಣ್ಣಿಗೆ ಕಾಣದ ತಪ್ಪುಗಳಿರುತ್ತವೆ. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆಯನ್ನು ಒತ್ತುವವರಿದ್ದಾರೆ; ನೋಡಲು ಎರಡೂ ದುಂಡಗೆ. ಅರ್ಕಾವೊತ್ತಿನ ಬದಲು ಕನ್ನಡದ ಒಂಬತ್ತನ್ನು ಹಾಕಿ ‘ಕನಾ೯ಟಕ’ ಎಂದು ಬರೆಯುವುದು ಎಷ್ಟು ರೂಢಿಯಾಗಿದೆಯೆಂದರೆ ನಾಮಫಲಕಗಳಲ್ಲಿಯೂ ಅದು ಕಾಣಸಿಗುತ್ತದೆ. ಮನುಷ್ಯನ ಕಣ್ಣು ಅದನ್ನು ಕರ್ನಾಟಕವೆಂದೇ ಓದುತ್ತದೆ. ಯಂತ್ರಕ್ಕೆ ಅದು ನಡುವೆ ಒಂಬತ್ತು ಸೇರಿಕೊಂಡ ಬೇರೊಂದು ಪದ. ‘ಕರ್ನಾಟಕ ಸಂಘ’ ಎಂದು ಹುಡುಕಿದವನಿಗೆ ಆ ಪುಟ ಸಿಗುವುದೇ ಇಲ್ಲ. ಮುದ್ರಿತ ಪುಟದ ಚಿತ್ರ ತೆಗೆದು ಯಂತ್ರದಿಂದಲೇ ಓದಿಸುವ ಸೌಲಭ್ಯ ಈಗ ಕನ್ನಡಕ್ಕೂ ದೊರೆತಿದೆ ಮತ್ತು ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಿದೆ. ಆದರೆ ಸವೆದ ಅಚ್ಚುಮೊಳೆಯ, ಮಸಿ ಹರಡಿದ, ಹಿಂಪುಟದ ಅಕ್ಷರ ಮುಂಪುಟಕ್ಕೆ ಇಣುಕುವ ಹಳೆಯ ಸಂಚಿಕೆಯನ್ನು ಓದುವಾಗ ಅದು ‘ಪ’ವನ್ನು ‘ಷ’ ಮಾಡುತ್ತದೆ, ‘ಘ’ವನ್ನು ‘ಫ’ ಮಾಡುತ್ತದೆ, ಒತ್ತಕ್ಷರಗಳನ್ನು ನುಂಗುತ್ತದೆ. ಜಾಹೀರಾತು ಬಂದೊಡನೆ ಲೇಖನದ ಸಾಲನ್ನು ಅದರೊಳಗೆ ಬೆರೆಸಿ, ಮಧುಮೇಹದ ಪಥ್ಯದ ನಡುವೆ ಮಿಠಾಯಿ ಅಂಗಡಿಯ ವಿಳಾಸ ಸೇರಿಸುತ್ತದೆ. ಆರೋಗ್ಯ ಲೇಖನದಲ್ಲಿ ಮಾತ್ರೆಯ ಪ್ರಮಾಣದ ಒಂದು ಅಂಕಿ ತಪ್ಪಿದರೆ ಅದು ನಗುವ ವಿಷಯವಲ್ಲ. ಕರಡು ತಿದ್ದುವ ಮನುಷ್ಯ ಬೇಕೇ ಬೇಕು.

ಈ ಮಾತು ಬ್ಯಾಂಕಿನ ನೌಕರಿಯಲ್ಲಿರುವ ವಾಚಕರಿಗೆ ಹೊಸದೆನಿಸದು. ಮುಂಬಯಿ ಕನ್ನಡಿಗರಲ್ಲಿ ಅಂಥವರು ಕಡಿಮೆ ಇಲ್ಲ. ರಂಗರಾಜನ್ ಸಮಿತಿಯ 1984ರ ವರದಿಯ ತರುವಾಯ ಬ್ಯಾಂಕುಗಳಿಗೆ ಲೆಡ್ಜರ್ ಯಂತ್ರಗಳು ಬಂದವು. ಮುಂದೆ ಶಾಖೆಗಳೆಲ್ಲ ಕೋರ್ ಬ್ಯಾಂಕಿಂಗ್ ವ್ಯವಸ್ಥೆಗೆ ಸೇರಿದವು. ಯಂತ್ರ ಬಂದರೆ ಗುಮಾಸ್ತ ಹೋದಂತೆಯೇ ಎಂದು ಆಗ ಭಯಪಟ್ಟವರಿದ್ದರು. ಹಳೆಯ ಲೆಡ್ಜರಿನಲ್ಲಿ ತಪ್ಪಾಗಿದ್ದ ಹೆಸರನ್ನು ಯಂತ್ರ ಅಷ್ಟೇ ನಿಷ್ಠೆಯಿಂದ ತಪ್ಪಾಗಿ ಕಾಪಾಡಿತು. ಶೇಷ ತಾಳೆಯಾಗುವವರೆಗೆ ರಾತ್ರಿ ಹನ್ನೊಂದರ ತನಕ ಕುಳಿತು ಒಂದೊಂದೇ ಖಾತೆಯನ್ನು ಹಳೆಯ ಹಾಳೆಗೆ ಹೋಲಿಸಿ ನೋಡಿದವರು ಹಳೆಯ ಕೆಲಸ ಬಲ್ಲ ಗುಮಾಸ್ತರೇ. ಸಾಹಿತ್ಯದ ಲೆಡ್ಜರಿಗೂ ಅಂಥ ತಾಳೆ ನೋಡುವವರು ಬೇಕು. ‘ಕೆ. ಶೆಟ್ಟಿ’, ‘ಕೆ.ಶೆಟ್ಟಿ’, ‘ಕೃಷ್ಣ ಶೆಟ್ಟಿ, ಘಾಟ್ಕೋಪರ್’ ಇವರು ಮೂವರೋ ಇಬ್ಬರೋ ಒಬ್ಬರೋ? ಬ್ಯಾಂಕಿನಲ್ಲಾದರೆ ಸಹಿ ನೋಡಿ ತೀರ್ಮಾನಿಸಬಹುದು. ಇಲ್ಲಿ ಶೈಲಿ ನೋಡಬೇಕು, ಸಂಘದ ಹಿರಿಯರನ್ನು ಕೇಳಬೇಕು. ಊರಿನ ಹೆಸರೂ ಹಾಗೆಯೇ. ಬೊಂಬಾಯಿ, ಬೊಂಬಾಯ್, ಮುಂಬಯಿ, ಮುಂಬೈ ಎಂದು ಒಂದೇ ನಗರ ನಾಲ್ಕು ವೇಷದಲ್ಲಿ ಬರುತ್ತದೆ. 1995ರ ಅಧಿಕೃತ ಬದಲಾವಣೆಗೆ ಬಹಳ ಮೊದಲೇ ಕನ್ನಡದಲ್ಲಿ ‘ಮುಂಬಯಿ’ ಬಳಕೆಯಲ್ಲಿತ್ತು. ಇವೆಲ್ಲ ಒಂದೇ ಎಂದು ಯಂತ್ರಕ್ಕೆ ತಿಳಿಸಬೇಕು. ಆದರೆ ಬರೆದವರು ಬರೆದ ರೂಪವನ್ನು ಅಳಿಸಲೂ ಕೂಡದು. ಸುಲಭವಾಗಿ ತೋರುವ ಈ ಎರಡು ಮಾತನ್ನು ಏಕಕಾಲದಲ್ಲಿ ಪಾಲಿಸುವುದನ್ನು ಕಲಿತ ವಿದ್ಯಾರ್ಥಿ ಅರ್ಧ ಸಂಶೋಧಕನಾದಂತೆಯೇ.

ಸಂಘಗಳ ಹಿರಿಯರಿಗೆ ಲೆಕ್ಕ ತೋರಿಸಿದರೆ ಮಾತು ಬೇಗ ನಾಟುತ್ತದೆ. ಒಂದು ಸಂಚಿಕೆಗೆ 120 ಪುಟವೆಂದು ಹಿಡಿದರೆ ನಲವತ್ತು ವರ್ಷಕ್ಕೆ 4,800 ಪುಟ. ಚಿತ್ರ ತೆಗೆಯುವುದು, ಯಂತ್ರದಿಂದ ಓದಿಸುವುದು, ತಿದ್ದುವುದು ಎಲ್ಲ ಸೇರಿ ಪುಟಕ್ಕೆ ಇಪ್ಪತ್ತು ನಿಮಿಷವೆಂದರೆ 1,600 ಗಂಟೆ. ವಾರಕ್ಕೆ ಹತ್ತು ಗಂಟೆ ಕೊಡಬಲ್ಲ ನಾಲ್ವರು ವಿದ್ಯಾರ್ಥಿಗಳಿಗೆ ಇದು ನಲವತ್ತು ವಾರಗಳ ಕೆಲಸ. ಬರಿಯ ಸೂಚಿ, ಅಂದರೆ ಲೇಖನದ ಹೆಸರು, ಲೇಖಕರು, ವರ್ಷ, ಪುಟ, ವಿಷಯ ಇಷ್ಟೇ ಸಾಕೆಂದರೆ ಒಂದು ಬೇಸಗೆ ರಜೆಯೊಳಗೆ ಮುಗಿದೀತು. ಅಲ್ಲಿಂದಲೇ ಆರಂಭಿಸುವುದು ಜಾಣತನ. ಈ ಕೆಲಸಕ್ಕೆ ಗೌರವಧನ ಕೊಡಬೇಕು. ಕನ್ನಡ ಸೇವೆ ಎಂದು ಹೇಳಿ ಹುಡುಗರಿಂದ ಪುಕ್ಕಟೆ ದುಡಿಸಿಕೊಳ್ಳುವ ಪದ್ಧತಿ ಒಳ್ಳೆಯದಲ್ಲ. ವಾರ್ಷಿಕೋತ್ಸವವೊಂದರಲ್ಲಿ ಶಾಲು, ಹಾರ, ಸ್ಮರಣಿಕೆ, ಫಲಪುಷ್ಪಗಳಿಗೆ ವ್ಯಯವಾಗುವ ಹಣವನ್ನು ಖಜಾಂಚಿಗಳು ಒಮ್ಮೆ ಕೂಡಿಸಿ ನೋಡಿದರೆ ಹಣವಿಲ್ಲ ಎಂಬ ಮಾತು ಬರಲಾರದು.

ಎರಡು ಎಚ್ಚರಿಕೆಗಳನ್ನು ಮಾತ್ರ ಮರೆಯಬಾರದು. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಲೇಖಕನ ಜೀವಿತಕಾಲ ಮತ್ತು ಅವನ ಮರಣಾನಂತರದ ಅರವತ್ತು ವರ್ಷ ಅವನ ಬರಹದ ಹಕ್ಕು ಅವನದು ಅಥವಾ ಅವನ ವಾರಸುದಾರರದು. ಸಂಚಿಕೆ ಅಚ್ಚು ಹಾಕಿಸಿದ ಮಾತ್ರಕ್ಕೆ ಲೇಖನಗಳು ಸಂಘದ ಸ್ವತ್ತಾಗುವುದಿಲ್ಲ. ಸೂಚಿ ತಯಾರಿಸಲು ಅಡ್ಡಿಯಿಲ್ಲ. ಇಡೀ ಲೇಖನವನ್ನು ಎಲ್ಲರಿಗೂ ತೆರೆದಿಡಬೇಕಾದರೆ ಅನುಮತಿ ಪತ್ರ ಬೇಕು, ಮತ್ತು ಅನುಮತಿ ಕೇಳಿಕೊಂಡು ಹೋದಾಗ ಮನೆಯವರ ಪೆಟ್ಟಿಗೆಯಿಂದ ಇನ್ನಷ್ಟು ಕಾಗದ ಹೊರಬರುವ ಸಂಭವವೂ ಉಂಟು. ಇನ್ನೊಂದು, ಹಳೆಯ ಸಂಚಿಕೆಗಳ ಕೊನೆಯಲ್ಲಿ ಸದಸ್ಯರ ವಿಳಾಸ, ದೂರವಾಣಿ, ಕೆಲವೆಡೆ ವರಾನ್ವೇಷಣೆಯ ವಿವರಗಳೂ ಇರುತ್ತವೆ. ಮುನ್ನೂರು ಪ್ರತಿಗಳಲ್ಲಿ ಹಂಚಿದ ವಿಷಯವನ್ನು ಜಗತ್ತಿಗೇ ತೋರಿಸುವುದು ಬೇರೆ ಸಂಗತಿ. ಆ ಪುಟಗಳನ್ನು ಸಂಘದ ಕಪಾಟಿನಲ್ಲಿಯೇ ಬಿಡುವುದು ಲೇಸು.

ವಿಶ್ವವಿದ್ಯಾಲಯಗಳ ಪಾಲೂ ಇಲ್ಲಿದೆ. ಒಬ್ಬ ಕವಿಯ ಕಾವ್ಯದಲ್ಲಿ ಪ್ರಕೃತಿ ಎಂಬ ವಿಷಯದ ಮೇಲೆ ಹಳೆಯ ನಾಲ್ಕು ಪುಸ್ತಕಗಳಿಂದ ಐದನೆಯದನ್ನು ಮಾಡಿದರೆ ಪದವಿ ದೊರೆಯುತ್ತದೆ. ಆರು ನೂರು ಲೇಖನಗಳ ಶುದ್ಧವಾದ ಸೂಚಿಯೊಂದನ್ನು ತಯಾರಿಸಿದವನ ಶ್ರಮಕ್ಕೆ ಅಂಕವಿಲ್ಲವೆಂದರೆ ಅದು ನ್ಯಾಯವೆ? ಅಂಥ ಸೂಚಿಯನ್ನು, ಅದನ್ನು ತಯಾರಿಸುವಾಗ ಕೈಗೊಂಡ ನಿರ್ಣಯಗಳ ವಿವರಣೆಯೊಂದಿಗೆ, ಪ್ರೌಢಪ್ರಬಂಧಕ್ಕೆ ಸಮಾನವೆಂದು ಪರಿಗಣಿಸಬೇಕು. ಹಾವನೂರರು ನಡೆಸಿದ ವಿಭಾಗಕ್ಕೆ ಈ ಸಲಹೆ ಅಪರಿಚಿತವೆನಿಸಲಾರದು. ಉದ್ಯೋಗದ ಸಂದರ್ಶನದಲ್ಲಿಯೂ ಇದು ಕೆಲಸಕ್ಕೆ ಬರುತ್ತದೆ. ‘ಎಂ.ಎಸ್. ಆಫೀಸ್ ಬರುತ್ತದೆ’ ಎಂಬ ಸಾಲು ಪ್ರತಿಯೊಬ್ಬ ಅಭ್ಯರ್ಥಿಯ ಅರ್ಜಿಯಲ್ಲಿಯೂ ಇರುವುದರಿಂದ ಅದನ್ನು ಯಾರೂ ಓದುವುದಿಲ್ಲ. ‘ನಲವತ್ತು ವರ್ಷದ ಸಂಚಿಕೆಗಳ ಸೂಚಿ ಸಿದ್ಧಪಡಿಸಿದ್ದೇನೆ, ಲೇಖಕರ ಹೆಸರುಗಳ ಪುನರಾವೃತ್ತಿಯನ್ನು ಈ ಕ್ರಮದಲ್ಲಿ ನಿವಾರಿಸಿದ್ದೇನೆ, ಇಷ್ಟು ತಪ್ಪು ಉಳಿದಿರಬಹುದು’ ಎಂದು ಹೇಳಬಲ್ಲವಳನ್ನು ಗ್ರಂಥಾಲಯ ಮಾತ್ರವಲ್ಲ, ಪತ್ರಿಕೆ, ಪ್ರಕಾಶನ, ಭಾಷಾಂತರ ಸಂಸ್ಥೆ, ಐರೋಲಿಯ ತಂತ್ರಾಂಶ ಕಂಪನಿ ಕೂಡ ಕಿವಿಗೊಟ್ಟು ಕೇಳುತ್ತದೆ. ತನ್ನ ಕೆಲಸದಲ್ಲಿ ಎಷ್ಟು ತಪ್ಪು ಉಳಿದಿದೆಯೆಂದು ಅಂದಾಜು ಹೇಳುವ ಅಭ್ಯರ್ಥಿ ಅಪರೂಪ.

ಇನ್ನು ಎಲ್ಲವನ್ನೂ ಕೃತಕ ಬುದ್ಧಿಯ ಯಂತ್ರಗಳೇ ಮಾಡುತ್ತವೆ, ಇಷ್ಟೆಲ್ಲ ಗೋಜು ಏಕೆ ಎಂಬ ವಾದ. ಕೇಂದ್ರ ಸರಕಾರ 2022ರಲ್ಲಿ ಭಾರತೀಯ ಭಾಷೆಗಳಿಗಾಗಿ ‘ಭಾಷಿಣಿ’ ಯೋಜನೆಯನ್ನು ಆರಂಭಿಸಿದೆ; ಪವಾಯಿಯ ಐ.ಐ.ಟಿ.ಯಲ್ಲಿ ಕನ್ನಡವೂ ಸೇರಿದಂತೆ ಹಲವು ಭಾಷೆಗಳ ಪದಜಾಲವನ್ನು ಬೆಸೆಯುವ ಕಾರ್ಯ ಅದಕ್ಕಿಂತ ಬಹು ಮೊದಲೇ ನಡೆದಿದೆ. ಆದರೆ ಈ ಯಂತ್ರಗಳು ಕಲಿಯುವುದು ತಮ್ಮ ಮುಂದೆ ಇಟ್ಟ ಬರಹದಿಂದ. ಉಕ್ಕಿನ ಕಪಾಟಿನೊಳಗೆ ಬೀಗ ಹಾಕಿಟ್ಟ ಕನ್ನಡವನ್ನು ಅವು ಕಲಿಯಲಾರವು. ಹಾಗಾದರೆ ನಾಳಿನ ಯಂತ್ರದ ಕನ್ನಡದಲ್ಲಿ ಬೆಂಗಳೂರಿನ ಪತ್ರಿಕೆಯ ಭಾಷೆ ಇರುತ್ತದೆ, ಮುಂಬಯಿಯ ಕನ್ನಡ ಇರುವುದಿಲ್ಲ. ಮನುಷ್ಯಶ್ರಮದ ಬೆಲೆಗೆ ಒಂದು ಸಾಕ್ಷಿಯನ್ನು ಇಲ್ಲಿ ಹೇಳಬೇಕು. 2019ರಲ್ಲಿ ಎಲ್ಲರಿಗೂ ಮುಕ್ತವಾದ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟಿನ ಒಂದೂವರೆ ಲಕ್ಷದಷ್ಟು ಶಬ್ದಗಳನ್ನು ದಶಕಗಳ ಕಾಲ ಒಬ್ಬರೇ ಕುಳಿತು ಸಂಗ್ರಹಿಸಿದವರು ವಿ. ಕೃಷ್ಣ. ಯಂತ್ರಜ್ಞರು ಅದಕ್ಕೆ ಹುಡುಕುವ ವ್ಯವಸ್ಥೆ ಮಾಡಿಕೊಟ್ಟರು. ಹುಡುಕಲು ಬೇಕಾದ ವಸ್ತುವನ್ನು ಯಂತ್ರ ಕೊಡಲಿಲ್ಲ.

ಕೆಲಸಕ್ಕೆ ಕುಳಿತವರ ಶರೀರದ ಬಗ್ಗೆಯೂ ನಾಲ್ಕು ಮಾತು ಈ ಸಂಚಿಕೆಯಲ್ಲಿ ಅಪ್ರಸ್ತುತವಾಗದು. ಹಳೆಯ ಕಾಗದದ ಧೂಳಿನಲ್ಲಿ ಬೂಷ್ಟಿನ ಕಣಗಳಿರುತ್ತವೆ. ದಮ್ಮು, ಅಲರ್ಜಿ ಇರುವವರು ಕಪಾಟು ತೆರೆಯುವ ಕೆಲಸವನ್ನು ಬೇರೆಯವರಿಗೆ ಬಿಡಬೇಕು, ಉಳಿದವರೂ ಮೂಗು-ಬಾಯಿ ಮುಚ್ಚುವ ಮಾಸ್ಕ್ ತೊಡಬೇಕು, ಕಿಟಕಿ ತೆರೆದಿರಬೇಕು. ಪರದೆಯನ್ನು ದಿಟ್ಟಿಸುವಾಗ ಮನುಷ್ಯ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಬೇಕೆಂದು ನೇತ್ರವೈದ್ಯರು ಹೇಳುವುದನ್ನು ಪಾಲಿಸಿದರೆ ಒಂದು ಪುಟಕ್ಕೆ ಒಂದು ವಿರಾಮವಾಯಿತು. ಮೇಲಿನ ಲೆಕ್ಕಕ್ಕೆ ಇದು ಸರಿಯಾಗಿ ಹೊಂದುತ್ತದೆ. ಮುಂಗೈ ಮಡಚದಂತೆ ಕೀಲಿಮಣೆ ಮೊಣಕೈಯ ಮಟ್ಟದಲ್ಲಿರಬೇಕು. ಮೊಬೈಲಿನ ಪುಟ್ಟ ಪರದೆಯಲ್ಲಿ, ನೂಕುನುಗ್ಗಲಿನ ಗಾಡಿಯಲ್ಲಿ ಕತ್ತು ಬಗ್ಗಿಸಿ ಕರಡು ತಿದ್ದುವ ಉತ್ಸಾಹಿಗಳೂ ಇರುತ್ತಾರೆ. ಅದು ಕತ್ತಿಗೂ ಕರಡಿಗೂ ಹಿತವಲ್ಲ.

ಕೆಲಸ ಮುಗಿದ ಮೇಲೆ ಅದನ್ನು ಇಡುವುದೆಲ್ಲಿ ಎಂಬುದನ್ನು ಆರಂಭದಲ್ಲಿಯೇ ನಿರ್ಧರಿಸುವುದು ಒಳ್ಳೆಯದು. ಅಧ್ಯಕ್ಷರ ಮಗನ ಲ್ಯಾಪ್‌ಟಾಪಿನಲ್ಲಿ ಉಳಿದ ದಾಖಲೆ ಅಧ್ಯಕ್ಷರು ಬದಲಾದಾಗ ಇಲ್ಲವಾಗುತ್ತದೆ. ಯೂನಿಕೋಡಿನ ಸರಳ ಕಡತವಾಗಿ, ಎರಡು ಬೇರೆ ಬೇರೆ ಕಟ್ಟಡಗಳಲ್ಲಿ ಎರಡು ಪ್ರತಿ. ಸಾಧ್ಯವಾದರೆ ಮೂರನೆಯದು ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ. ಸೂಚಿಯ ಒಂದು ಮುದ್ರಿತ ಪ್ರತಿ ಸಂಘದ ವಾಚನಾಲಯದ ಮೇಜಿನ ಮೇಲೂ ಇರಲಿ, ಮುಖಪುಟದಲ್ಲಿ ದಾನಿಗಳ ಹೆಸರಿನಷ್ಟೇ ದಪ್ಪ ಅಕ್ಷರಗಳಲ್ಲಿ ಅದನ್ನು ತಯಾರಿಸಿದ ವಿದ್ಯಾರ್ಥಿಗಳ ಹೆಸರೂ ಇರಲಿ. ಹಳೆಯ ಮುದ್ರಿತ ಸಂಚಿಕೆಗಳನ್ನು, ಚಿತ್ರ ತೆಗೆದಾಯಿತಲ್ಲ ಎಂದು ರದ್ದಿಗೆ ಹಾಕುವ ಆತುರ ಮಾತ್ರ ಯಾರಿಗೂ ಬೇಡ. ಯಂತ್ರ ಓದಿದ್ದು ಸರಿಯೇ ಎಂಬ ಸಂಶಯ ಬಂದಾಗ ಮರಳಿ ನೋಡಬೇಕಾದದ್ದು ಆ ಪುಟವನ್ನೇ.